ಬಕೆಟ್ಟಿನ ಪೂರ್ವಾಶ್ರಮ

ಶಿಕಾಗೊದ ಪಶ್ಚಿಮ ಹೊರವಲಯದಲ್ಲಿರುವ ವುಡ್‌ರಿಡ್ಜಿನಲ್ಲಿ ಹಿಮದ ಭಯ ಪೂರ್ತಿ ತೀರುವುದು ಮೇ ತಿಂಗಳ ನಡುವಿಗೆ. ಆ ವಾರಾಂತ್ಯ ಬಂತೆಂದರೆ ಬೀದಿಯುದ್ದಕ್ಕೂ ಗ್ಯಾರೇಜುಗಳ ಬಾಗಿಲುಗಳು ಮೇಲೇರುತ್ತವೆ. ಚಳಿಗಾಲವಿಡೀ ಒಳಗಿದ್ದ ಸಾಮಾನೆಲ್ಲ ಬಿಸಿಲಿಗೆ ಬರುತ್ತದೆ. ಅದರಲ್ಲಿ ಬಕೆಟ್ಟುಗಳು ಇದ್ದೇ ಇರುತ್ತವೆ. ಐದು ಗ್ಯಾಲನ್ನಿನವು, ನಮ್ಮ ಲೆಕ್ಕದಲ್ಲಿ 19 ಲೀಟರಿನವು. ಒಂದರಲ್ಲಿ ಈಜುಕೊಳದ ಕ್ಲೋರಿನ್ ಬಿಲ್ಲೆಗಳಿದ್ದವು. ಇನ್ನೊಂದರಲ್ಲಿ ಮೆಟ್ಟಿಲ ಮೇಲಿನ ಮಂಜುಗಡ್ಡೆ ಕರಗಿಸುವ ಉಪ್ಪು. ಮತ್ತೊಂದರಲ್ಲಿ ಡ್ರೈವ್‌ವೇಗೆ ಬಳಿಯುವ ಕಪ್ಪು ಸೀಲರ್. ಗೋಡೆಯ ಬಣ್ಣದ್ದು, ಡ್ರೈವಾಲ್ ಸಂದಿಗೆ ಮೆತ್ತುವ ಪುಟ್ಟಿಯದು, ಬಟ್ಟೆ ತೊಳೆಯುವ ದ್ರವದ್ದು ಹೀಗೆ ಒಂದೊಂದೂ ಒಂದೊಂದು ಮೂಲದ್ದು. ದಪ್ಪ ಪ್ಲಾಸ್ಟಿಕ್ಕು, ಗಟ್ಟಿ ಹಿಡಿಕೆ, ಬಿಗಿಯಾದ ಮುಚ್ಚಳ. ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಕನ್ನಡದ ಮನೆಗಳಲ್ಲಂತೂ ಬರುವುದೇ ಇಲ್ಲ. ಹಾರ್ಲಿಕ್ಸ್ ಬಾಟಲಿಗೆ ಸಾಸಿವೆ ತುಂಬಿ, ಡಾಲ್ಡಾ ಡಬ್ಬಿಯಲ್ಲಿ ತುಳಸಿ ನೆಟ್ಟು ಬೆಳೆದವರು ನಾವು.

ಆ ಗುಣ ದೊಡ್ಡದು. ಪ್ಲಾಸ್ಟಿಕ್ಕಿನ ಬೆಟ್ಟಗಳು ಎದ್ದುನಿಂತ ಈ ಕಾಲದಲ್ಲಿ ಅದನ್ನು ಬಿಟ್ಟುಕೊಡಬಾರದು ಎಂದೇ ನನ್ನ ಅಭಿಪ್ರಾಯ. ಆದರೆ ಹಾರ್ಲಿಕ್ಸ್ ಬಾಟಲಿಯಲ್ಲಿ ಇದ್ದದ್ದು ಹಾರ್ಲಿಕ್ಸ್. ಆಹಾರದ ಪಾತ್ರೆಗೆ ಇನ್ನೊಂದು ಆಹಾರ ಬಂತು, ಅಷ್ಟೇ. ರಾಸಾಯನಿಕ ತುಂಬಿದ್ದ ಬಕೆಟ್ಟಿನ ಸಂಗತಿ ಬೇರೆ. ಸನ್ಯಾಸಿಯ ಪೂರ್ವಾಶ್ರಮ ಕೇಳಬಾರದು ಎನ್ನುತ್ತಾರೆ, ಬಕೆಟ್ಟಿನದನ್ನು ಕೇಳಲೇಬೇಕು. ಮೊದಲು ಅದರಲ್ಲಿ ಏನಿತ್ತು, ಇನ್ನು ಮುಂದೆ ಅದರಲ್ಲಿ ಏನಿರುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಮೇಲೆಯೇ ಹೇಗೆ ತೊಳೆಯಬೇಕು ಎಂಬ ಮೂರನೆಯ ಪ್ರಶ್ನೆಗೆ ಅರ್ಥ. ನಾವು ಸಾಮಾನ್ಯವಾಗಿ ಮೂರನೆಯದರಿಂದಲೇ ಶುರುಮಾಡುತ್ತೇವೆ.

ಕಾರಣ ಪ್ಲಾಸ್ಟಿಕ್ಕಿನ ಸ್ವಭಾವದಲ್ಲಿದೆ. ಈ ಬಕೆಟ್ಟುಗಳಲ್ಲಿ ಬಹುಪಾಲು ಎಚ್‌ಡಿಪಿಇ, ಅಂದರೆ ಹೆಚ್ಚು ಸಾಂದ್ರತೆಯ ಪಾಲಿಥೀನ್. ನೀರು ಅದರೊಳಕ್ಕೆ ಇಳಿಯುವುದಿಲ್ಲ. ಉಪ್ಪು, ಬ್ಲೀಚು, ಸೋಪಿನಂಥ ನೀರಿನಲ್ಲಿ ಕರಗುವ ವಸ್ತುಗಳು ಬಹುಮಟ್ಟಿಗೆ ಮೇಲ್ಮೈಯಲ್ಲೇ ಉಳಿಯುತ್ತವೆ, ತೊಳೆದರೆ ಹೋಗುತ್ತವೆ. ಆದರೆ ಪಾಲಿಥೀನ್ ಹುಟ್ಟುವುದೇ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲದ ಮೂಲದಿಂದ. ಎಣ್ಣೆ, ಥಿನ್ನರ್, ಸೀಮೆಎಣ್ಣೆ, ಕೀಟನಾಶಕವನ್ನು ಕರಗಿಸಿಡುವ ದ್ರಾವಕಗಳಿಗೆ ಅದು ನೆಂಟ. ಅವು ಗೋಡೆಯೊಳಕ್ಕೆ ನಿಧಾನವಾಗಿ ಇಳಿಯುತ್ತವೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ವರ್ಷ ಇಂಗು ಇಟ್ಟು ನೋಡಿ. ಆಮೇಲೆ ಎಷ್ಟು ಉಜ್ಜಿದರೂ ಆ ಡಬ್ಬಿಯಲ್ಲಿಟ್ಟ ಸಕ್ಕರೆಗೂ ಇಂಗಿನ ವಾಸನೆ. ಕೀಟನಾಶಕದ ಕ್ಯಾನಿನಲ್ಲಿ ನಡೆಯುವುದೂ ಇದೇ. ನೀರು ತುಂಬಿದರೆ ಹೊರಗೆ ಬರುವುದು ಕಡಿಮೆ. ಎಣ್ಣೆಯನ್ನೋ ಉಪ್ಪಿನಕಾಯಿಯನ್ನೋ ತುಂಬಿದರೆ, ಗೋಡೆಯೊಳಗೆ ಕೂತಿದ್ದದ್ದು ಜಿಡ್ಡು ಕಂಡೊಡನೆ ಮತ್ತೆ ಹೊರಗೆ ಬರುತ್ತದೆ. ಮೂಗಿಗೆ ವಾಸನೆ ಹತ್ತಲಿಲ್ಲ ಎಂಬುದು ಇಲ್ಲಿ ಸಾಕ್ಷಿಯಲ್ಲ.

ಬಕೆಟ್ಟಿನ ತಳದಲ್ಲಿರುವ ಬಾಣದ ತ್ರಿಕೋನ, ಅದರೊಳಗಿನ 2 ಎಂಬ ಅಂಕಿ ನೋಡಿ ‘ಇದು ಒಳ್ಳೆಯ ಪ್ಲಾಸ್ಟಿಕ್, ಅಡುಗೆಗೂ ಆಗುತ್ತದೆ’ ಎನ್ನುವವರು ಬಹಳ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮ ಆ ಅಂಕಿಗಳನ್ನು ತಂದದ್ದು ಗುಜರಿಗೆ ಬಂದ ಪ್ಲಾಸ್ಟಿಕ್ಕನ್ನು ಬೇರ್ಪಡಿಸಲಿಕ್ಕೆ. ಹಾಲಿನ ಕ್ಯಾನಿಗೂ ಅದೇ 2, ಕಳೆನಾಶಕದ ಕ್ಯಾನಿಗೂ ಅದೇ 2. ಅದು ಹೇಳುವುದು ಯಾವ ಜಾತಿಯ ಪ್ಲಾಸ್ಟಿಕ್ ಎಂದಷ್ಟೇ. ಬಣ್ಣಕ್ಕೆ ಏನು ಬೆರೆಸಿದ್ದಾರೆ, ಅಚ್ಚಿನಿಂದ ಬಿಡಿಸಲು ಏನು ಸವರಿದ್ದಾರೆ, ಮೊದಲು ಏನು ತುಂಬಿದ್ದರು ಎಂಬ ಯಾವುದನ್ನೂ ಹೇಳುವುದಿಲ್ಲ.

ಇಷ್ಟು ಎಚ್ಚರ ಯಾಕೆ ಎಂಬುದನ್ನು 2013ರ ಜುಲೈ 16 ಹೇಳುತ್ತದೆ. ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಇದ್ದದ್ದು ಪ್ರಯೋಗಾಲಯದ ಪರೀಕ್ಷೆಯಲ್ಲಿ ಕಂಡಿತು. ಎಣ್ಣೆ ಇಟ್ಟದ್ದು ಮೊದಲು ಕೀಟನಾಶಕ ಇದ್ದ ಪಾತ್ರೆಯಲ್ಲಿ ಎಂದು ಅಧಿಕಾರಿಗಳು ಆಗ ಹೇಳಿದ್ದರು. ಒಂದು ಪಾತ್ರೆ ತನ್ನ ಹಳೆಯ ಗುರುತು ಕಳೆದುಕೊಂಡು ಅಡುಗೆಮನೆ ಸೇರಿದರೆ ಏನಾಗಬಹುದು ಎಂಬುದಕ್ಕೆ ನಮ್ಮ ದೇಶದಲ್ಲಿ ಇದಕ್ಕಿಂತ ದಾರುಣವಾದ ಉದಾಹರಣೆ ನನಗೆ ಗೊತ್ತಿಲ್ಲ.

ಕನ್ನಡಿಗರಿಗೆ ಇನ್ನೂ ಹತ್ತಿರದ್ದು ಕಾಸರಗೋಡಿನ ಕಥೆ. ಅಲ್ಲಿನ ಗೇರುತೋಟಗಳ ಮೇಲೆ 2000ದವರೆಗೆ, ಎರಡು ದಶಕಕ್ಕೂ ಹೆಚ್ಚು ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಎಣ್ಮಕಜೆ ಪಂಚಾಯಿತಿಯ ಪಡ್ರೆ, ಸ್ವರ್ಗದ ಕನ್ನಡ, ತುಳು ಮನೆಗಳ ಗೋಳನ್ನು ಪತ್ರಕರ್ತ ಶ್ರೀಪಡ್ರೆ ಲೋಕಕ್ಕೆ ತಿಳಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಸಿಂಪಡಣೆ ನಿಂತ ಮೇಲೂ ಉಳಿದ ವಿಷ ಗೋದಾಮುಗಳಲ್ಲಿ ಹಳೆಯ ಕಬ್ಬಿಣದ ಬ್ಯಾರಲ್ಲುಗಳಲ್ಲೇ ಕೂತಿತ್ತು. ಬ್ಯಾರಲ್ಲು ತುಕ್ಕು ಹಿಡಿದು ಸೋರತೊಡಗಿದಾಗ, 2012ರಲ್ಲಿ, ರಕ್ಷಣಾ ಉಡುಪು ತೊಟ್ಟ ತಜ್ಞರು ಅದನ್ನು ಹೊಸ ಎಚ್‌ಡಿಪಿಇ ಬ್ಯಾರಲ್ಲುಗಳಿಗೆ ತುಂಬಬೇಕಾಯಿತು. ಒಂದು ವಿಷದ ಪಾತ್ರೆಯನ್ನು ನೋಡಿಕೊಳ್ಳುವ ಹೊಣೆ ವಿಷ ಬಳಸುವುದನ್ನು ನಿಲ್ಲಿಸಿದ ಮೇಲೂ ಹಾಗೆಯೇ ಉಳಿಯುತ್ತದೆ.

ಅದೇ ಸೀಮೆಯ ಅಡಿಕೆ ತೋಟದವರಲ್ಲಿ ಒಂದು ಒಳ್ಳೆಯ ಶಿಸ್ತೂ ಇದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮೈಸೂರು ಸಂಸ್ಥಾನದಲ್ಲಿ ರೂಢಿಗೆ ತಂದವರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್, ಕಳೆದ ಶತಮಾನದ ಆರಂಭದಲ್ಲಿ. ಆ ದ್ರಾವಣದಲ್ಲಿರುವ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಹಾಗಾಗಿ ಈಗ ಪ್ಲಾಸ್ಟಿಕ್ ಡ್ರಮ್ಮು. ನಾನು ನೋಡಿದ ತೋಟಗಳಲ್ಲಿ ಮದ್ದಿನ ಡ್ರಮ್ಮು ಎಂದರೆ ಮದ್ದಿನದೇ. ನೀಲಿಯ ಕಲೆ ಅದರ ಗುರುತು. ಮನೆಯಲ್ಲಿ ಮದುವೆ ಬಂದರೂ ಅದು ಕೊಟ್ಟಿಗೆಯ ಪಕ್ಕದಿಂದ ಅಂಗಳಕ್ಕೆ ಬರುವುದಿಲ್ಲ. ಪೇಟೆಯಲ್ಲಿ ಈ ಶಿಸ್ತು ಸಡಿಲ. ನಲ್ಲಿ ನೀರು ವಾರಕ್ಕೊಮ್ಮೆ ಬರುವ ಊರುಗಳಲ್ಲಿ ಜನ ಗುಜರಿ ಅಂಗಡಿಯಿಂದ ನೀಲಿ ಡ್ರಮ್ಮು ತಂದು ಕುಡಿಯುವ ನೀರು ತುಂಬುತ್ತಾರೆ. ಡ್ರಮ್ಮಿನ ಚೀಟಿ ಕಿತ್ತುಹಾಕಿದ್ದರೆ ಅದನ್ನು ಕೊಳ್ಳಲೇಬಾರದು. ತೊಳೆದಿದ್ದೇವೆ ಎಂಬ ಅಂಗಡಿಯವನ ಮಾತು ಪ್ಲಾಸ್ಟಿಕ್ಕಿನ ಮೇಲ್ಮೈಗೆ ಮಾತ್ರ ಸಂಬಂಧಿಸಿದ್ದು.

ಕೀಟನಾಶಕದ ವಿಷಯದಲ್ಲಿ ಎರಡೂ ದೇಶಗಳ ಕಾನೂನು ಒಂದೇ ಕಡೆ ನಿಂತಿದೆ. ಭಾರತದ 1971ರ ಕೀಟನಾಶಕ ನಿಯಮಗಳ 44ನೆಯ ನಿಯಮ, ಖಾಲಿ ಡಬ್ಬಿಗಳನ್ನು ಮರುಬಳಕೆಯಾಗುವಂತೆ ಹೊರಗೆ ಬಿಡಬೇಡಿ, ಒಡೆದು ಜನವಸತಿಯಿಂದ ದೂರ ಹೂಳಿ ಎನ್ನುತ್ತದೆ. ಅಮೆರಿಕದಲ್ಲಿ ಅಂಗಡಿಯಿಂದ ತಂದ ಕಳೆನಾಶಕದ ಕ್ಯಾನಿನ ಮೇಲೆಯೇ ‘ಈ ಡಬ್ಬಿಯನ್ನು ಮತ್ತೆ ಬಳಸಬೇಡಿ, ಮತ್ತೆ ತುಂಬಬೇಡಿ’ ಎಂದು ಅಚ್ಚಾಗಿರುತ್ತದೆ. ಇಲ್ಲಿನ ರೈತರಿಗೆ ಹೇಳಿಕೊಡುವ ‘ಮೂರು ಸಲ ತೊಳೆಯುವ’ ಕ್ರಮ ಪ್ರಸಿದ್ಧ: ಕಾಲು ಭಾಗ ನೀರು ತುಂಬಿ, ಮುಚ್ಚಳ ಹಾಕಿ, ಹತ್ತು ಸೆಕೆಂಡು ಕುಲುಕಿ, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸುರಿದು, ಕೊನೆಯ ಹನಿಗಳೂ ಬೀಳಲು ಬಿಟ್ಟು, ಹೀಗೆ ಮೂರು ಬಾರಿ. ಅಷ್ಟೆಲ್ಲ ಮಾಡುವುದು ಕ್ಯಾನನ್ನು ಸುರಕ್ಷಿತವಾಗಿ ಮರುಸಂಸ್ಕರಣೆಗೆ ಕೊಡಲಿಕ್ಕೆ. ಮೂರು ಸಲ ತೊಳೆದದ್ದು ಮನೆಯೊಳಗೆ ಬರಬಹುದು ಎಂದು ಅದರ ಅರ್ಥ ಯಾರೂ ಮಾಡಬಾರದು.

ಹಾಗಾದರೆ ಗ್ಯಾರೇಜಿನ ಮುಂದೆ ಸಾಲಾಗಿ ನಿಂತ ಬಕೆಟ್ಟುಗಳಲ್ಲಿ ಯಾವುದು ಉಳಿಯಬಹುದು?

ಬಟ್ಟೆ ಸೋಪಿನದು ಎಲ್ಲಕ್ಕಿಂತ ಸುಲಭ. ತೊಳೆದಷ್ಟೂ ನೊರೆ ಬರುತ್ತದೆ. ನೊರೆ ನಿಂತರೆ ಮುಗಿಯಿತು. ಮುಚ್ಚಳದ ಒಳಗಿನ ರಬ್ಬರ್ ಉಂಗುರ, ಹಿಡಿಕೆಯ ಸಂದಿ ಮರೆಯಬಾರದು. ಮಂಜು ಕರಗಿಸುವ ಉಪ್ಪಿನ ಬಕೆಟ್ಟೂ ಹೀಗೆಯೇ, ಒಂದು ಎಚ್ಚರಿಕೆಯೊಡನೆ: ಅದು ಕ್ಯಾಲ್ಸಿಯಂ ಕ್ಲೋರೈಡ್ ಆಗಿದ್ದರೆ ನೀರು ತಾಗಿದೊಡನೆ ಬಿಸಿಯಾಗುತ್ತದೆ. ತಳದಲ್ಲಿ ಉಳಿದದ್ದನ್ನು ಮೊದಲು ಒಣಗಿದ್ದಾಗಲೇ ತೆಗೆದಿಟ್ಟು ಆಮೇಲೆ ತೊಳೆಯಬೇಕು. ಆ ನೀರನ್ನು ಗಿಡದ ಬುಡಕ್ಕೆ ಹಾಕಬಾರದು, ಉಪ್ಪಿಗೆ ಗಿಡ ಸಾಯುತ್ತದೆ. ಡ್ರೈವಾಲ್ ಪುಟ್ಟಿಯನ್ನೂ ನೀರಿನಲ್ಲಿ ಕಲಸುವ ಲೇಟೆಕ್ಸ್ ಬಣ್ಣವನ್ನೂ ತೊಳೆಯುವ ಮೊದಲು ಒಣಗಲು ಬಿಡುವುದೇ ಜಾಣತನ. ಒಣಗಿದ ಪುಟ್ಟಿ ತಟ್ಟಿದರೆ ಚಕ್ಕೆಯಾಗಿ ಏಳುತ್ತದೆ, ಬಣ್ಣ ಹಾಳೆಯಂತೆ ಸುಲಿದು ಬರುತ್ತದೆ. ಹಸಿಯಾಗಿದ್ದಾಗ ಸಿಂಕಿಗೆ ಸುರಿದರೆ ಪುಟ್ಟಿ ಕೊಳವೆಯೊಳಗೇ ಗಟ್ಟಿಯಾಗಿ ಕೂರುತ್ತದೆ.

ಕ್ಲೋರಿನ್ ಬಕೆಟ್ಟಿನ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ಅಪಾಯ ಇರುವುದು ತೊಳೆಯುವ ಕ್ಷಣದಲ್ಲೇ. ಈಜುಕೊಳದ ಕ್ಲೋರಿನ್ ಎರಡು ಬಗೆ ಹೆಚ್ಚು ಬಳಕೆಯಲ್ಲಿದೆ. ಬಿಲ್ಲೆಗಳು ಸಾಮಾನ್ಯವಾಗಿ ಟ್ರೈಕ್ಲೋರ್. ಪುಡಿ ಕ್ಯಾಲ್ಸಿಯಂ ಹೈಪೊಕ್ಲೋರೈಟ್, ನಮ್ಮೂರ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನ ಹತ್ತಿರದ ಬಂಧು. ಎರಡೂ ಕ್ಲೋರಿನ್ನೇ ತಾನೆ ಎಂದು ಒಂದರ ಬಕೆಟ್ಟಿಗೆ ಇನ್ನೊಂದನ್ನು ತುಂಬಿದರೆ, ತುಸು ತೇವ ಸೇರಿದರೂ ಬೆಂಕಿ ಹೊತ್ತಬಹುದು, ಸಿಡಿಯಬಹುದು. ತೊಳೆಯುವಾಗ ಬಯಲಲ್ಲಿ, ಗಾಳಿ ಬರುವ ಕಡೆಗೆ ಬೆನ್ನು ಮಾಡಿ ನಿಲ್ಲಬೇಕು. ಕೈಗೆ ಗವಸು, ಕಣ್ಣಿಗೆ ಕನ್ನಡಕ. ತಳದ ಪುಡಿ, ಚೂರುಗಳನ್ನು ಪೂರ್ತಿ ಕೊಡವಿ, ಅದೇ ಕೊಳಕ್ಕೆ ಬಳಸಬೇಕು. ಒದ್ದೆ ಬಟ್ಟೆಯಿಂದ ಒರೆಸಬಾರದು; ಸ್ವಲ್ಪ ನೀರು ಹಾಕಿ ಬಿಡಲೂಬಾರದು. ಹೆಚ್ಚು ಪುಡಿಗೆ ಸ್ವಲ್ಪ ನೀರು ಬಿದ್ದಾಗಲೇ ವಿಷಾನಿಲ ಏಳುವುದು. ಸುರಿದರೆ ಧಾರಾಳವಾಗಿ ಸುರಿಯಬೇಕು, ಆ ನೀರೂ ಕೊಳಕ್ಕೇ ಹೋಗಬೇಕು. ಆಮೇಲೆ ಕೆಲವು ದಿನ ಮುಚ್ಚಳ ತೆಗೆದು ಬಿಸಿಲು, ಗಾಳಿಗೆ ಇಡಬೇಕು.

ವಾಸನೆ ಹೋಗಲೆಂದು ವಿನೆಗರ್, ನಿಂಬೆರಸ, ಬಚ್ಚಲು ತೊಳೆಯುವ ಆಸಿಡ್, ಅಮೋನಿಯ ಇರುವ ಕ್ಲೀನರ್ ಇವನ್ನು ಮಾತ್ರ ಹತ್ತಿರ ತರಬೇಡಿ. ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅಮೋನಿಯ ಸೇರಿದರೆ ಕ್ಲೋರಮೀನ್; ಎರಡೂ ಶ್ವಾಸಕೋಶವನ್ನು ಸುಡುತ್ತವೆ. ಬೆಂಗಳೂರಿನ ಬಚ್ಚಲುಮನೆಯಲ್ಲಿ ಬ್ಲೀಚಿಂಗ್ ಪೌಡರ್ ಹಾಕಿ, ಮೇಲೆ ಆಸಿಡ್ ಸುರಿದು, ಬಾಗಿಲು ಮುಚ್ಚಿಕೊಂಡು ಉಜ್ಜುವವರಿಗೂ ಇದೇ ಮಾತು.

ಸೀಲರ್, ಮರಕ್ಕೆ ಬಳಿಯುವ ಎಣ್ಣೆಬಣ್ಣ, ಥಿನ್ನರ್, ಇಂಜಿನ್ ಎಣ್ಣೆ, ಎಪಾಕ್ಸಿ, ಕೀಟನಾಶಕ, ಕಳೆನಾಶಕ ಇವುಗಳ ಬಕೆಟ್ಟು ಉಳಿಸಿಕೊಳ್ಳಲು ಯೋಗ್ಯವಲ್ಲ. ಕೋಲ್‌ಟಾರ್ ಸೀಲರಿನಿಂದ ಬರುವ ಪಿಎಎಚ್ ಎಂಬ ರಾಸಾಯನಿಕಗಳನ್ನು ಅಮೆರಿಕದ ಭೂವಿಜ್ಞಾನ ಸಮೀಕ್ಷೆ ಶಿಕಾಗೊ ಹೊರವಲಯದ ಲೇಕ್ ಇನ್ ದ ಹಿಲ್ಸ್ ಊರಿನ ಡ್ರೈವ್‌ವೇ ದೂಳಿನಲ್ಲೇ ಬಹಳ ಹೆಚ್ಚು ಪ್ರಮಾಣದಲ್ಲಿ ಕಂಡಿದೆ. ಚೀಟಿ ಇಲ್ಲದ, ಏನಿತ್ತೆಂದು ಯಾರಿಗೂ ನೆನಪಿಲ್ಲದ ಬಕೆಟ್ಟನ್ನೂ ಇದೇ ಸಾಲಿಗೆ ಸೇರಿಸಿ. ವುಡ್‌ರಿಡ್ಜ್ ಊರಾಗಿ ನೋಂದಣಿಯಾದದ್ದು 1959ರಲ್ಲಿ. ಇಲ್ಲಿನ ಬಹಳಷ್ಟು ಮನೆಗಳು ನಂತರದ ಒಂದೆರಡು ದಶಕದವು. ಅಂಥ ಮನೆ ಕೊಂಡವರಿಗೆ ಬೇಸ್‌ಮೆಂಟಿನ ಮೂಲೆಯಲ್ಲಿ ಹಿಂದಿನವರ ಡಬ್ಬಿಗಳು ಸಿಗುವುದುಂಟು. ಕಲ್ನಾರು ಬೆರೆತ ಗೋಡೆಯ ಪುಟ್ಟಿಗೆ ಅಮೆರಿಕದಲ್ಲಿ ನಿಷೇಧ ಬಂದದ್ದು 1977ರಲ್ಲಿ, ಸೀಸದ ಬಣ್ಣಕ್ಕೆ 1978ರಲ್ಲಿ. ಹಳೆಯ ಡಬ್ಬಿಯ ಒಣ ಚಕ್ಕೆಯನ್ನು ಕೆರೆದು ದೂಳೆಬ್ಬಿಸುವ ಮೊದಲು ಈ ಎರಡು ಇಸವಿ ನೆನಪಿಗೆ ಬರಲಿ.

ಏನಿತ್ತೆಂದು ಗೊತ್ತಿದ್ದೂ ಅನುಮಾನ ಉಳಿದರೆ ಆ ವಸ್ತುವಿನ ಸುರಕ್ಷತಾ ಮಾಹಿತಿ ಪತ್ರ ಓದಬಹುದು. ಎಸ್‌ಡಿಎಸ್ ಎಂಬ ಆ ಪತ್ರಕ್ಕೆ 16 ಭಾಗ. ಮೂರನೆಯದರಲ್ಲಿ ಒಳಗೇನಿದೆ, ಹತ್ತನೆಯದರಲ್ಲಿ ಯಾವುದರ ಜೊತೆ ಸೇರಬಾರದು, ಹದಿಮೂರನೆಯದರಲ್ಲಿ ಹೇಗೆ ವಿಲೇವಾರಿ ಮಾಡಬೇಕು ಎಂದಿರುತ್ತದೆ. ಕಂಪನಿಗಳು ಅದನ್ನು ಬಿಟ್ಟಿಯಾಗಿ ಕೊಡುತ್ತವೆ.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾವು ತೀರ ಕಡಿಮೆ ಯೋಚಿಸುತ್ತೇವೆ. ಬೀದಿಯಂಚಿನ ಕಬ್ಬಿಣದ ಜಾಲರಿ ಮಳೆನೀರಿನದು. ಅಲ್ಲಿ ಬಿದ್ದದ್ದು ಯಾವ ಶುದ್ಧೀಕರಣವೂ ಇಲ್ಲದೆ ಡುಪೇಜ್ ನದಿಯ ಪೂರ್ವ ಕವಲಿನಂಥ ಹೊಳೆಗೆ ಸೇರುತ್ತದೆ, ಅಲ್ಲಿಂದ ಡೆಸ್ ಪ್ಲೇನ್ಸ್, ಇಲಿನಾಯ್ ನದಿಗಳ ಮೂಲಕ ಮಿಸಿಸಿಪ್ಪಿಗೆ. ಮನೆಯೊಳಗಿನ ಸಿಂಕಿನ ನೀರು ಬೇರೆ ಕೊಳವೆಯಲ್ಲಿ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಸೋಪಿನ ನೀರನ್ನು ಡ್ರೈವ್‌ವೇ ಮೇಲೆ ಚೆಲ್ಲುವುದಕ್ಕಿಂತ ಬಟ್ಟೆ ಒಗೆಯುವ ಕೋಣೆಯ ತೊಟ್ಟಿಗೆ ಹಾಕುವುದು ಮೇಲು. ಅಡುಗೆಮನೆಯ ಸಿಂಕು ಬೇಡ. ದ್ರಾವಕ, ಎಣ್ಣೆ, ಕೀಟನಾಶಕ ಇದ್ದದ್ದನ್ನು ಎರಡೂ ಕಡೆ ಸುರಿಯುವಂತಿಲ್ಲ. ಪಕ್ಕದ ನೇಪರ್‌ವಿಲ್ಲಿನಲ್ಲಿ, ಫೋರ್ಟ್ ಹಿಲ್ ಡ್ರೈವಿನಲ್ಲಿ, ಮನೆಗಳ ಅಪಾಯಕಾರಿ ತ್ಯಾಜ್ಯಕ್ಕೆಂದೇ ಒಂದು ಕೇಂದ್ರವಿದೆ. ವಾರಾಂತ್ಯ ತೆರೆದಿರುತ್ತದೆ. ಕಾರಿನ ಡಿಕ್ಕಿಯಲ್ಲಿ ನೆಟ್ಟಗೆ ನಿಲ್ಲಿಸಿ, ಮುಚ್ಚಳ ಬಿಗಿದು ಒಯ್ದರೆ ಸಾಕು. ಮಿಕ್ಕದ್ದೇನೂ ಉಳಿಯದ, ಪೂರ್ತಿ ಖಾಲಿ ಬಕೆಟ್ಟನ್ನು ಕಸಕ್ಕೆ ಹಾಕುವುದಾದರೆ ತಳಕ್ಕೆ ನಾಲ್ಕು ತೂತು ಕೊರೆದು ಹಾಕಿ. ಮತ್ತೊಬ್ಬರು ಎತ್ತಿಕೊಂಡು ಹೋಗಿ ನೀರು ತುಂಬುವಂತಾಗಬಾರದು.

ಉಳಿದ ಬಕೆಟ್ಟಿಗೆ ಕೆಲಸ ಬೇಕಾದಷ್ಟಿದೆ. ಕಳೆ ತುಂಬಲು, ಉಪಕರಣ ಇಡಲು, ಗಾರೆ ಕಲಸಲು, ನೆಲ ಒರೆಸಲು, ಕಾರು ತೊಳೆಯಲು. ಹೂವಿನ ಗಿಡಕ್ಕೂ ಆಗುತ್ತದೆ. ಕರಿಬೇವಿಗೆ? ಇಲ್ಲಿ ಕನ್ನಡದ ಮನೆಗಳು ಕರಿಬೇವನ್ನು ಸಾಕುವ ಪ್ರೀತಿ ಕಂಡವರಿಗೆ ಈ ಪ್ರಶ್ನೆ ಎಷ್ಟು ದೊಡ್ಡದೆಂದು ಗೊತ್ತು. ಅಕ್ಟೋಬರಿನಲ್ಲಿ ಹಿಮ ಬೀಳುವ ಮೊದಲು ಒಳಗೆ, ಮೇ ತಿಂಗಳಲ್ಲಿ ಹೊರಗೆ. ಹೊರಲು ಹಿಡಿಕೆಯಿರುವ ಬಕೆಟ್ಟಿಗಿಂತ ಅನುಕೂಲದ ಕುಂಡ ಇಲ್ಲ. ಆದರೂ ತಿನ್ನುವ ಗಿಡಕ್ಕೆ ರಾಸಾಯನಿಕದ ಬಕೆಟ್ಟು ಬೇಡ ಎಂದೇ ನನ್ನ ತೀರ್ಪು. ಬೇಕಿಲ್ಲ ಕೂಡ. ದಿನಸಿ ಅಂಗಡಿಗಳ ಬೇಕರಿಗೆ ಕೇಕಿನ ಕ್ರೀಮು ಬರುವುದು ಇಂಥದೇ ಬಕೆಟ್ಟಿನಲ್ಲಿ. ಕೇಳಿದರೆ ಖಾಲಿಯಾದದ್ದನ್ನು ಕೊಡುವವರಿದ್ದಾರೆ. ನೇಪರ್‌ವಿಲ್ಲಿನ ಕನ್ಸರ್ವೇಷನ್ ಫೌಂಡೇಷನ್ ಮಳೆನೀರು ಹಿಡಿಯಲೆಂದು ಮಾರುವ 55 ಗ್ಯಾಲನ್ನಿನ ಬ್ಯಾರಲ್ಲುಗಳೂ ಹಿಂದೆ ಆಹಾರ ಪದಾರ್ಥ ಸಾಗಿಸಿದಂಥವು. ಮರುಬಳಕೆಯ ಸರಿಯಾದ ದಾರಿ ಇದು: ಆಹಾರದ ಪಾತ್ರೆ ಆಹಾರದ ಹತ್ತಿರ, ಮದ್ದಿನ ಪಾತ್ರೆ ಮದ್ದಿನ ಹತ್ತಿರ.

ಸ್ವಚ್ಛವಾದ ಬಕೆಟ್ಟಿನಲ್ಲೂ ಇನ್ನೊಂದು ಅಪಾಯ ಉಳಿದಿದೆ, ಅದಕ್ಕೂ ರಾಸಾಯನಿಕಕ್ಕೂ ಸಂಬಂಧವಿಲ್ಲ. 1990ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಒಂದು ವರದಿ ಬಂತು. ಶಿಕಾಗೊ ಇರುವ ಕುಕ್ ಕೌಂಟಿಯಲ್ಲಿ ಐದು ಗ್ಯಾಲನ್ ಬಕೆಟ್ಟುಗಳಲ್ಲಿ ಮುಳುಗಿ ಸತ್ತ ಅಂಬೆಗಾಲಿನ ಕೂಸುಗಳ ಬಗ್ಗೆ. ಹಿಡಿದು ನಿಲ್ಲಲು ಕಲಿತ ಮಗು ಅಂಚಿನಿಂದ ಬಗ್ಗಿ ನೋಡುತ್ತದೆ, ತಲೆಯ ಭಾರಕ್ಕೆ ಒಳಗೆ ಬೀಳುತ್ತದೆ. ಬಕೆಟ್ಟು ಗಟ್ಟಿಯಾದ್ದರಿಂದ ಉರುಳುವುದಿಲ್ಲ. ದೇಶದ ಗ್ರಾಹಕ ಸುರಕ್ಷತಾ ಆಯೋಗ 1984ರಿಂದ ಸುಮಾರು ಒಂದು ದಶಕದಲ್ಲಿ ಇಂಥ 200ಕ್ಕೂ ಹೆಚ್ಚು ಸಾವುಗಳನ್ನು ಲೆಕ್ಕ ಹಾಕಿತ್ತು. ಈಗ ಬಕೆಟ್ಟಿನ ಮೇಲೆ ಕಾಣುವ, ತಲೆಕೆಳಗಾಗಿ ಬೀಳುವ ಮಗುವಿನ ಚಿತ್ರ ಬಂದದ್ದು ಆ ದುಃಖದಿಂದ. ನೀರು ತುಂಬಿದ ಬಕೆಟ್ಟನ್ನು ಕ್ಷಣಕಾಲವೂ ಬಿಟ್ಟು ಹೋಗಬಾರದು. ಕೆಲಸ ಮುಗಿದರೆ ಬೋರಲು ಹಾಕಬೇಕು.

ನನಗೆ ಎಲ್ಲಕ್ಕಿಂತ ಚಿಂತೆ ಊರಿನಿಂದ ಬರುವ ಅಪ್ಪ-ಅಮ್ಮಂದಿರದು. ಆರು ತಿಂಗಳಿಗೆಂದು ಮಗಳ ಮನೆಗೆ ಬಂದ ಅಮ್ಮ ಸುಮ್ಮನೆ ಕೂರುವವರಲ್ಲ. ಗ್ಯಾರೇಜಿನಲ್ಲಿ ಹಾಲಿನಂತೆ ಬಿಳಿಯಾದ, ತೊಳೆದು ಒರಗಿಸಿಟ್ಟ ಬಕೆಟ್ಟು ಕಾಣುತ್ತದೆ. ನಾಳೆ ಇಪ್ಪತ್ತು ಜನಕ್ಕೆ ದೋಸೆ, ಅಕ್ಕಿ ನೆನೆಹಾಕಲು ದೊಡ್ಡ ಪಾತ್ರೆ ಸಾಲದು. ಅದರ ಮೇಲಿನ ಇಂಗ್ಲಿಷ್ ಚೀಟಿಯನ್ನು ಅವರು ಓದುವುದಿಲ್ಲ, ಓದಿದರೂ ಟ್ರೈಕ್ಲೋರ್ ಎಂದರೆ ಏನೆಂದು ಹೇಳುವವರು ಆ ಹೊತ್ತಿಗೆ ಆಫೀಸಿನಲ್ಲಿರುತ್ತಾರೆ. ದೊಡ್ಡ ಸಮಾರಂಭಗಳಲ್ಲೂ ಇದೇ ಭಯ. ಮಜ್ಜಿಗೆಗೋ ಪಾನಕಕ್ಕೋ ಕೊನೆಯ ಗಳಿಗೆಯಲ್ಲಿ ಪಾತ್ರೆ ಸಾಲದೆ ಯಾರದೋ ಕಾರಿನ ಹಿಂಬದಿಯಿಂದ ಒಂದು ಬಕೆಟ್ಟು ಬಂದರೆ ಅದರ ಹಿಂದಿನ ಚರಿತ್ರೆ ಕೇಳುವವರು ಯಾರು?

ಅದಕ್ಕೇ ಈ ಮನವಿ. ರಾಸಾಯನಿಕದ ಬಕೆಟ್ಟನ್ನು ಉಳಿಸಿಕೊಳ್ಳುವುದಾದರೆ ಅದರ ಹಳೆಯ ಚೀಟಿಯನ್ನು ಕೀಳಬೇಡಿ. ಜೊತೆಗೆ, ಅಳಿಸದ ಕಪ್ಪು ಮಾರ್ಕರಿನಿಂದ, ಮೊದಲು ಏನಿತ್ತೆಂದು ಬರೆದು, ಕೆಳಗೆ ‘ಅಡುಗೆಗೆ ಬೇಡ’ ಎಂದು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆಯಿರಿ. ಮುಚ್ಚಳದ ಮೇಲೆ ಬರೆದರೆ ಪ್ರಯೋಜನವಿಲ್ಲ, ಮುಚ್ಚಳಗಳು ಅದಲುಬದಲಾಗುತ್ತವೆ. ಬಕೆಟ್ಟಿನ ಮೈಮೇಲೆ, ಎರಡೂ ಕಡೆ ಬರೆಯಿರಿ. ಇನ್ನೊಂದು ಚೀಟಿ ಫ್ರಿಜ್ಜಿನ ಬಾಗಿಲಿಗೆ ಇರಲಿ. ಅಮೆರಿಕದ ಮೊದಲ ವಿಷ ಮಾಹಿತಿ ಕೇಂದ್ರ ಹುಟ್ಟಿದ್ದು 1953ರಲ್ಲಿ, ಇದೇ ಶಿಕಾಗೊದಲ್ಲಿ. ಇಂದು ದೇಶದ ಯಾವ ಮೂಲೆಯಿಂದಲಾದರೂ, ಹಗಲು ರಾತ್ರಿ ಯಾವ ಹೊತ್ತಿಗಾದರೂ, ದುಡ್ಡಿಲ್ಲದೆ ವಿಷ ತಜ್ಞರನ್ನು ಕೇಳಬಹುದಾದ ಸಂಖ್ಯೆ 1-800-222-1222. ಮನೆಯಲ್ಲಿ ಹಗಲು ಒಬ್ಬರೇ ಇರುವ ಹಿರಿಯರಿಗೆ ಆ ಸಂಖ್ಯೆಯನ್ನು ಅವರ ಫೋನಿನಲ್ಲೇ ಇಂದು ಉಳಿಸಿಕೊಡಿ.